ಅವ್ವನ ಕೊರಳಿನ ಫೋಟೊ

ಮುಂಬಯಿ
11 ಜನವರಿ 1966

ಅಪ್ಪನವರಿಗೆ ಅಮೀನುದ್ದೀನನ ಸಲಾಂ.

ತಂಗಿ ನಜಮಾಳ ಕಾಗದವನ್ನು ಲ್ಯಾಬೊರೇಟರಿಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ಅವ್ವನ ಕೊರಳಲ್ಲಿ ನಿಂಬೆಹಣ್ಣಿನಷ್ಟು ಗಂಟು ಇದೆಯಂತೆ. ಎರಡು ವರ್ಷದಿಂದ ನೀವು ದಿನಾ ಮುಂಜಾನೆ ಅದಕ್ಕೆ ಟಿಂಕ್ಚರ್ ಅಯೋಡಿನ್ ಹಚ್ಚುತ್ತೀರಂತೆ, ಹಾಲಿನಲ್ಲಿ ಅಯೋಡಿನ್ ಹನಿ ಹಾಕಿ ಕುಡಿಸುತ್ತೀರಂತೆ. ಎರಡು ವರ್ಷ ನನಗೆ ಯಾರೂ ಒಂದು ಸಾಲು ಬರೆಯಲಿಲ್ಲ. ಹತ್ತನೇ ವಯಸ್ಸಿಗೆ ವಿಜಾಪುರದ ಹಾಸ್ಟೆಲಿಗೆ ಹಾಕಿದ ಮೇಲೆ ಮನೆಯ ಸುದ್ದಿ ನನಗೆ ಯಾವಾಗಲೂ ಹಳಸಿದ ಮೇಲೆಯೇ ಬಂದಿದೆ, ಗೊತ್ತು. ಆದರೆ ಇದು ಹಬ್ಬದ ಬಟ್ಟೆಯ ಸುದ್ದಿಯಲ್ಲ.

ನೀವು ರೇವಪ್ಪ ಡಾಕ್ಟರರ ದವಾಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಂಪೌಂಡರ್ ಆಗಿದ್ದೀರಿ. ನಾನು ಎಂ.ಎಸ್‌ಸಿ. ಮೊದಲ ವರ್ಷದವನು, ಇನ್ನೂ ಆರು ತಿಂಗಳಾಗಿಲ್ಲ. ಆದರೂ ಹೇಳುತ್ತೇನೆ, ನಿಮ್ಮ ಬಾಟಲಿಯಿಂದ ಗಂಟು ಕರಗುವುದಿಲ್ಲ. ಅದು ಯಾವ ಜಾತಿಯ ಗಂಟು ಎಂಬುದೂ ಗೊತ್ತಾಗುವುದಿಲ್ಲ.

ಇಲ್ಲಿ ನಾವು ಕೆಲಸ ಮಾಡುವುದೂ ಅಯೋಡಿನ್ ಮೇಲೆಯೇ. ಟ್ರಾಂಬೆಯ ರಿಯಾಕ್ಟರಿನಲ್ಲಿ ತಯಾರಾಗಿ, ಸೀಸದ ಡಬ್ಬಿಯಲ್ಲಿ ಸೋಮವಾರಕ್ಕೆ ಬರುತ್ತದೆ. ಅದರಿಂದ ಕಣ್ಣಿಗೆ ಕಾಣದ ಕಿರಣ ಹೊರಡುತ್ತಿರುತ್ತದೆ. ಸೀಸದ ಇಟ್ಟಿಗೆಗಳ ಹಿಂದಿಟ್ಟು, ಕನ್ನಡಿಯಲ್ಲಿ ನೋಡುತ್ತ, ಉದ್ದ ಇಕ್ಕಳದಿಂದ ಅಳೆಯುತ್ತೇವೆ. ರೋಗಿ ಅದರ ಒಂದು ಗುಟುಕು ಕುಡಿದರೆ ಕೊರಳಿನ ಥೈರಾಯ್ಡ್ ಗ್ರಂಥಿ ಅದನ್ನು ಹೀರಿಕೊಳ್ಳುತ್ತದೆ. ಮರುದಿನ ಯಂತ್ರದ ಕೆಳಗೆ ಮಲಗಿಸಿದರೆ ಗ್ರಂಥಿಯ ಆಕಾರ ಕಾಗದದ ಮೇಲೆ ಚುಕ್ಕಿಚುಕ್ಕಿಯಾಗಿ ಮೂಡುತ್ತದೆ. ಗಂಟು ಇದ್ದಲ್ಲಿ ಚುಕ್ಕಿ ಬಾರದೆ ಜಾಗ ಬಿಳಿಯಾಗಿ ಉಳಿದರೆ ಹೆದರಬೇಕು, ಕತ್ತರಿಸಿ ತೆಗೆಯಬೇಕು. ನಮ್ಮ ಗೈಡ್ ಮಿಸ್ತ್ರಿ ಮೇಡಂ ಇದಕ್ಕಿಂತ ಮುಂದಿನದನ್ನು ಹುಡುಕುತ್ತಿದ್ದಾರೆ. ರಕ್ತದ ಪ್ರೋಟೀನಿಗೆ ಈ ಅಯೋಡಿನ್ ಕಟ್ಟಿ ಗಡ್ಡೆಗೇ ಹೋಗಿ ಅಂಟಿಕೊಳ್ಳುವಂತೆ ಮಾಡಬೇಕು, ಗಡ್ಡೆ ತಾನೇ ತನ್ನ ಹೆಸರು ಹೇಳಬೇಕು ಎಂದು. ಅದಿನ್ನೂ ಇಲಿಗಳ ಮೇಲೆ ನಡೆದಿದೆ. ಅವ್ವನಿಗೆ ಸದ್ಯ ಇರುವುದು ಮೊದಲನೆಯದೇ.

ಗ್ರಂಥಿ ಈಗಾಗಲೇ ಸಾದಾ ಅಯೋಡಿನ್‌ನಿಂದ ತುಂಬಿದ್ದರೆ ನಮ್ಮದನ್ನು ಹೀರುವುದಿಲ್ಲ. ಆದ್ದರಿಂದ ಇವತ್ತಿನಿಂದಲೇ ಹಚ್ಚುವುದು, ಕುಡಿಸುವುದು ಎರಡನ್ನೂ ನಿಲ್ಲಿಸಿ. ಫೆಬ್ರವರಿ 15ಕ್ಕೆ ಹೆಸರು ಬರೆಸಿದ್ದೇನೆ. ಅವ್ವನಿಗೆ ಉಂಡ ಮೇಲೆ ಹೊಟ್ಟೆ ನೋಯುತ್ತದೆ ಎಂದೂ ನಜಮಾ ಬರೆದಿದ್ದಾಳೆ. ಬರುವ ಮೊದಲು ಸೊಲ್ಲಾಪುರದಲ್ಲಿ ಹೊಟ್ಟೆಯ ಎಕ್ಸ್-ರೇ ತೆಗೆಸಿಕೊಂಡೇ ಬನ್ನಿ. ಇಲ್ಲಿಯವರು ಎಲ್ಲ ಕಾಗದ ಕೇಳುತ್ತಾರೆ. ಅರ್ಧಂಬರ್ಧ ತಂದು ನನ್ನ ಮಾನ ಕಳೆಯಬೇಡಿ.

ಅಮೀನುದ್ದೀನ

*

ಸಿಂದಗಿ
20 ಜನವರಿ 1966

ಮಗ ಅಮೀನುದ್ದೀನನಿಗೆ ದುವಾ.

ನಿನ್ನ ಹುಕುಂ ಬಂದು ಮುಟ್ಟಿತು. ಅವತ್ತೇ ಬಾಟಲಿ ಬರಿದು ಮಾಡಿ, ತೊಳೆದು, ಬೋರಲು ಹಾಕಿದೆ. ನಿಮ್ಮವ್ವ ನೋಡುತ್ತ ಕೂತಿದ್ದಳು. "ಇಷ್ಟ್ ದಿವಸ ಹಚ್ಚಿದ್ದು ದಂಡನ ಏನ್ರಿ?" ಎಂದಳು.

ನಾನು ಹಚ್ಚಿದ್ದು ಸ್ವಂತ ಬುದ್ಧಿಯಿಂದಲ್ಲ. ರೇವಪ್ಪ ಡಾಕ್ಟರೇ ಬರೆದುಕೊಟ್ಟದ್ದು. ನಿನಗೆ ತಿಳಿಸದೇ ಇದ್ದದ್ದು ನಿಮ್ಮವ್ವನ ಮಾತಿಗೆ. "ಪರೀಕ್ಷಾ ಬರಿಯೂ ಹುಡುಗಗ ಯಾಕ ಹೇಳ್ತೀರಿ, ಮದಲ ಅಂವಗ ಎಲ್ಲಾದಕ್ಕೂ ಎದಿ ಡವಡವ ಅಂತೈತಿ" ಎಂದು ಬೇಡವೆಂದಳು. ಹೌದೋ ಅಲ್ಲೋ ನೀನೇ ನೋಡಿಕೋ.

ನನಗೆ ರಜೆ ಸಿಗುವುದಿಲ್ಲ. ನಿನ್ನ ಮಾವ ಮಶಾಕಸಾಬ ಕರೆದುಕೊಂಡು ಬರುತ್ತಾನೆ. ಸೊಲ್ಲಾಪುರದ ಫೋಟೊ ಹಬ್ಬ ಮುಗಿದ ಮೇಲೆ ತೆಗೆಸುತ್ತಾರೆ. ನಿನ್ನ ಮಾನದ ಚಿಂತೆ ಬಿಡು. ಅವಳು ಇಳಿದು ಬರುವಾಗ ಗಾಡಿಯ ಹತ್ತಿರ ನಿಂತಿರು, ಅಷ್ಟು ಸಾಕು.

ಮೋದಿನಸಾಬ

*

ಮುಂಬಯಿ
19 ಫೆಬ್ರವರಿ 1966

ಅಪ್ಪನವರಿಗೆ,

ಅವ್ವ ಮತ್ತು ಮಾವ ಈ ಕಾಗದಕ್ಕಿಂತ ಮೊದಲೇ ಮನೆ ಮುಟ್ಟಿರುತ್ತಾರೆ. ಏನಾಯಿತು ಎಂದು ಅವರಿಗೆ ಸರಿಯಾಗಿ ತಿಳಿದಿಲ್ಲ. ನಿಮಗೆ ತಿಳಿಯುತ್ತದೆ.

ಮಂಗಳವಾರ ಅವ್ವ ಔಷಧ ಕುಡಿದಳು. ಅದನ್ನು ಅಳೆದವನು ನಾನು. ಬುಧವಾರ ಯಂತ್ರದ ಕೆಳಗೆ ಮಲಗಿಸಿದೆವು. ಯಂತ್ರದ ತಲೆ ಕೊರಳ ಮೇಲೆ ಹೊಲ ಹರಗಿದ ಹಾಗೆ ಒಂದು ಸಾಲು ಆಚೆ, ಒಂದು ಸಾಲು ಈಚೆ ಹೋಗುತ್ತದೆ. ಮುಕ್ಕಾಲು ತಾಸು ಅವ್ವ ಉಗುಳು ಸಹ ನುಂಗದೆ ಮಲಗಿದ್ದಳು. ಕಾಗದ ಹೊರಗೆ ಬಂತು. ಗಂಟಿನ ಜಾಗವಷ್ಟೇ ಅಲ್ಲ, ಇಡೀ ಕೊರಳೇ ಇಲ್ಲ. ಅಲ್ಲೊಂದು ಇಲ್ಲೊಂದು ಚುಕ್ಕಿ, ಯಾರೋ ಪೆನ್ನು ಝಾಡಿಸಿದ ಹಾಗೆ.

ಮಿಸ್ತ್ರಿ ಮೇಡಂ ಎಲ್ಲರ ಎದುರಿಗೆ ನನ್ನನ್ನು ಕೇಳಿದರು: "ನದಾಫ್, ಈ ಹೆಂಗಸಿಗೆ ನೀನು ಕುಡಿಸಿದ್ದು ಔಷಧವನ್ನೋ ನಲ್ಲಿಯ ನೀರನ್ನೋ?" ಆ ಸೋಮವಾರ ಬಂದ ಅಯೋಡಿನ್ ಪೂರ್ತಿ ಅನುಮಾನಕ್ಕೆ ಬಿತ್ತು. ಅದರಿಂದಲೇ ಇಲಿಗಳಿಗೆ ಕಟ್ಟಿದ ಪ್ರೋಟೀನನ್ನೂ ಪಕ್ಕಕ್ಕಿಟ್ಟರು. ಮೂರು ವಾರದ ಕೆಲಸ ನಿಂತಿತು. ಉಳಿದ ಔಷಧವನ್ನು ನನ್ನೆದುರಿಗೆ ಎರಡು ಸಲ ಅಳೆದರು, ನನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಾಗಾದರೆ ಅರ್ಥ ಒಂದೇ, ರೋಗಿಯ ಮೈಯಲ್ಲಿ ಮೊದಲೇ ಅಯೋಡಿನ್ ತುಂಬಿತ್ತು. ಎಲ್ಲಿಂದ ಎಂದು ಮೇಡಂ ಕೇಳಿದರು. "ಅವರ ಮನೆಯವರು ಕಂಪೌಂಡರು" ಎಂದೆ. ಎಲ್ಲರೂ ನಕ್ಕರು.

ನೀವು ನಿಲ್ಲಿಸಿಲ್ಲ. ನಿಲ್ಲಿಸಿದೆ ಎಂದು ಬರೆದಿರಿ, ನಿಲ್ಲಿಸಿಲ್ಲ. ನಿಮ್ಮ ಔಷಧ ಸುಳ್ಳು ಎಂದು ಮಗ ಹೇಳಿದ್ದು ನುಂಗಲಾಗಲಿಲ್ಲ, ಅದಕ್ಕೇ ಕೊನೆಯ ದಿನದವರೆಗೂ ಹಾಲಿನಲ್ಲಿ ಹನಿ ಹಾಕಿದ್ದೀರಿ. ಅವ್ವನಿಗೆ ಹಾಲಿನಲ್ಲಿ ಏನಿದೆ ಎಂದು ಹೇಗೆ ತಿಳಿಯಬೇಕು? ಇನ್ನು ಮೂರು ತಿಂಗಳು ಕಾಯಬೇಕು. ಆ ಮೂರು ತಿಂಗಳು ಆ ಗಂಟು ಸುಮ್ಮನೆ ಕೂತಿರುತ್ತದೆ ಎಂದುಕೊಂಡಿದ್ದೀರಾ?

ನಿಮಗೆ ಹೇಳಿ ಪ್ರಯೋಜನವಿಲ್ಲವೆಂದು ರೇವಪ್ಪ ಡಾಕ್ಟರರಿಗೇ ಬೇರೆ ಕಾಗದ ಬರೆದಿದ್ದೇನೆ.

ಅಮೀನುದ್ದೀನ

*

ಸಿಂದಗಿ
2 ಮಾರ್ಚ್ 1966

ಅಮೀನುದ್ದೀನ,

ಜನವರಿ 15ರ ನಂತರ ಒಂದು ಹನಿ ಹಾಕಿಲ್ಲ. ಇದನ್ನು ಒಂದೇ ಸಲ ಬರೆಯುತ್ತೇನೆ.

ನೀನು ಡಾಕ್ಟರರಿಗೆ ಇಂಗ್ಲಿಷಿನಲ್ಲಿ ಬರೆದೆ. ನನಗೆ ಓದಲು ಬರುವುದಿಲ್ಲ ಎಂದು ಬರೆದೆಯೋ, ನಿನಗೆ ಈಗ ಕನ್ನಡದಲ್ಲಿ ಚಾಡಿ ಹೇಳಲು ಬರುವುದಿಲ್ಲವೋ. ಅವರು ರೋಗಿಗಳು ಕೂತಿದ್ದಾಗಲೇ ಅದನ್ನು ಓದಿ ಕನ್ನಡ ಮಾಡಿ ಹೇಳಿದರು. "ಕಂಪೌಂಡರ ಕದ್ದು ಔಷಧ ಕುಡಿಸ್ತಾನ ಅಂತ ಅವನ ಮಗನ ಬರ್ದಾನ" ಎಂದರು. ಹಲಸಂಗಿಯಿಂದ ಮೊಮ್ಮಗನಿಗೆ ಔಷಧ ಒಯ್ಯಲು ಬಂದಿದ್ದ ಕಸ್ತೂರೆವ್ವ ನನ್ನ ಕೈಯಿಂದ ಬಾಟಲಿ ಇಸಿದುಕೊಳ್ಳದೆ, "ಡಾಕ್ಟರ ಕೊಡ್ಲಿ ಬಿಡ್ರಿ" ಎಂದಳು. ಇಪ್ಪತ್ತೆರಡು ವರ್ಷ ನನ್ನ ಕೈಯಿಂದಲೇ ಒಯ್ದವಳು.

ಇನ್ನು ಇತ್ತ ಬರೆಯಬೇಡ.

ಮೋದಿನಸಾಬ

*

ಮುಂಬಯಿ
30 ಮಾರ್ಚ್ 1966

ನಜಮಾ,

ಮೂರು ಕಾಗದ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ಅಪ್ಪ ಒಡೆಯದೆ ಇಟ್ಟಿದ್ದಾರೋ ಹರಿದಿದ್ದಾರೋ. ಅದಕ್ಕೆ ಇದನ್ನು ನಿನ್ನ ಹೆಸರಿಗೆ, ಪಕ್ಕದ ಮನೆಯ ಇಮಾಮಬಿ ಕಾಕಿಯ ವಿಳಾಸಕ್ಕೆ ಹಾಕಿದ್ದೇನೆ.

ಅಪ್ಪನ ಸಿಟ್ಟು ಅಪ್ಪನಿಗಿರಲಿ, ನನ್ನದು ನನಗೆ. ಅವ್ವ ನುಂಗುವಾಗ ಹೇಗಿದೆ, ಗಂಟು ಬೆಳೆದಿದೆಯೇ, ದನಿ ಒಡೆದಿದೆಯೇ, ಇಷ್ಟು ಬರೆ. ಮೇ ಕೊನೆಗೆ ಇನ್ನೊಂದು ದಿನ ಕೊಡುತ್ತಾರೆ. ಅಲ್ಲಿಯವರೆಗೆ ಅವಳ ಹಾಲನ್ನು ನೀನೇ ಕಾಸು, ನೀನೇ ಕೈಗೆ ಕೊಡು. ಅಪ್ಪ ಅಡಿಗೆಮನೆಗೆ ಬಂದರೆ ಕಣ್ಣಿಡು. ತಪ್ಪು ತಿಳಿಯಬೇಡ, ಯಾರನ್ನೂ ನಂಬುವ ಹಾಗಿಲ್ಲ. ನನಗೆ ಪರೀಕ್ಷೆ ಹದಿನೆಂಟು ದಿನವಿದೆ, ಪುಸ್ತಕ ತೆರೆದರೆ ಆ ಬರೀ ಕಾಗದವೇ ಕಾಣುತ್ತದೆ.

ನಿನ್ನ ಅಣ್ಣ
ಅಮೀನುದ್ದೀನ

*

ಸಿಂದಗಿ
12 ಏಪ್ರಿಲ್ 1966

ಅಣ್ಣಾ,

ನಿನ್ನ ಕಾಗದವನ್ನು ಇಮಾಮಬಿ ಕಾಕಿ ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ನಾನು ಅದನ್ನು ಅವ್ವನಿಗೆ ಮುಚ್ಚಿಡಲಿಲ್ಲ, ಪೂರ್ತಿ ಓದಿ ಹೇಳಿದೆ. ಹಾಲಿನ ಮಾತು ಬಂದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೈ ತೊಳೆದುಕೊಂಡು ಬಂದು, "ಬರಕೊ, ನಾ ಹೇಳ್ದಂಗ ಬರಿ, ನಿನ್ನ ಸಾಲಿ ಮಾತು ಸೇರಸಬ್ಯಾಡ" ಎಂದಳು. ಹೇಳಿದ ಹಾಗೆಯೇ ಬರೆದಿದ್ದೇನೆ.

"ಅಮೀನಾ, ನಿಮ್ಮಪ್ಪ ಒಂದ್ ಹನಿ ಹಾಕಿಲ್ಲ. ಹಾಲು ಕಾಸಾಕಿ ನಾನು, ಕುಡಿಯಾಕಿ ನಾನು. ನನ್ನ ನಾಲಿಗಿಗೆ ಅಯೋಡಿನ್ ರುಚಿ ಎರಡ ವರ್ಷದ್ದು ಗೊತ್ತೈತಿ. ನೀ ಯಾರನ್ನ ಕಾಯಾಕ ಹಚ್ಚೀದಿ? ಹೆತ್ತ ಮಗಳನ್ನ ತಂದಿ ಮ್ಯಾಲ?

"ನಾ ಹೇಳೂದ ಕೇಳು. ಸೊಲ್ಲಾಪುರದಾಗ ಹೊಟ್ಟಿ ಫೋಟೊ ತಗಿಯೂ ಹಿಂದಿನ ಸಂಜಿಮುಂದ ಆರ ಗುಳಿಗಿ ನುಂಗಿಸಿದ್ರು. ಪಿತ್ತದ ಚೀಲ ಫೋಟೊದಾಗ ಎದ್ದ ಕಾಣಲಿ ಅಂತ. ಅದನ್ನ ಮುಂಬೈದಾಗ ಹೇಳಾಕ ಬಾಯಿ ತಗದೆ. ನೀ ಟೇಬಲ್ಲಿಗೆ ಕುಂತು ಫಾರಮ್ ತುಂಬಾಕತ್ತಿದ್ದಿ, ಎಲ್ಲಾ ಇಂಗ್ಲಿಷಿನ್ಯಾಗ, ನನಗ ಒಂದೂ ಕೇಳಲಾರದ. ಏನ ಬರಿಯಾಕತ್ತೀಯೋ, ಸೊಲ್ಲಾಪುರದಾಗ ಗುಳಿಗಿ ಕೊಟ್ಟಾರ ಅದೂ ಬರಿ ಅಂದೆ. ನೀ ತಲಿ ಎತ್ತಲಾರದ 'ಸುಮ್ಮ ಕೂಡು, ಅದು ಹೊಟ್ಟೀದು, ಇವರು ಕೇಳೂದು ಕೊಳ್ಳಿಂದು' ಅಂದಿ. ಅವ್ವಾ ಅಂತ ಸೈತ ಅನಲಿಲ್ಲ. ಯಾಕ ಅನಲಿಲ್ಲ ಅಂತ ನನಗ ಗೊತ್ತೈತಿ. ಬಾಜೂಕ ನಿಂತ ನರ್ಸಬಾಯಿ ಇಕಿ ಯಾರು ಅಂತ ಕೇಳಿದ್ಲು, ನೀ ಹಿಂದಿಯೊಳಗ 'ನಮ್ಮ ಹಳ್ಳಿ ಕಡಿ ಹೆಂಗಸು' ಅಂದಿ. ನನಗ ಇಂಗ್ಲಿಷ್ ಬರೂದಿಲ್ಲೋ ತಮ್ಮಾ. ಹಿಂದಿ ತಿಳೀತೈತಿ.

"ಮಶಾಕಗ ಹೇಳಲಿಲ್ಲ. ನಿಮ್ಮಪ್ಪಗ ಹೇಳಲಿಲ್ಲ. ಮಗನ ಮರ್ಯಾದಿ ಅಂತ ನುಂಗಿಕೊಂಡೆ. ನೀ ಅವರ ಅನ್ನಕ್ಕ ಕಲ್ಲ ಹಾಕಿದಿ. ರೇವಪ್ಪ ಡಾಕ್ಟರ ಔಷಧದ ಕ್ವಾಣಿ ಚಾವಿ ಇಸಕೊಂಡು, ನಾಳಿಂದ ಬರಬ್ಯಾಡ ಅಂದ್ರು. ಈಗ ಮುದ್ದೇಬಿಹಾಳದಾಗ ಮತ್ತೊಬ್ಬ ಡಾಕ್ಟರ ಕಡಿ ಹೊಸದಾಗಿ ನಿಂತಾರ, ವಯಸ್ಸ ಐವತ್ತ ದಾಟಿದ ಮ್ಯಾಲ. ಇನ್ನ ನುಂಗೂದಿಲ್ಲ. ನಾ ಆ ಮುಂಬೈಕ ಬರೂದಿಲ್ಲ."

ಇಷ್ಟು ಅವ್ವನ ಮಾತು. ನನ್ನದು ಎರಡೇ. ಗಂಟು ಈಗ ನಿಂಬೆಹಣ್ಣಲ್ಲ, ದೊಡ್ಡದಾಗಿದೆ. ರೊಟ್ಟಿ ನೀರಿನಲ್ಲಿ ಅದ್ದಿ ತಿನ್ನುತ್ತಾಳೆ.

ನಜಮಾ

*

ಮುಂಬಯಿ
20 ಏಪ್ರಿಲ್ 1966

ಅಪ್ಪನವರಿಗೆ,

ಬರೆಯಬೇಡ ಎಂದಿದ್ದೀರಿ, ಬರೆಯುತ್ತಿದ್ದೇನೆ. ಓದಿ ಹರಿಯಿರಿ, ಓದದೆ ಹರಿಯಬೇಡಿ.

ಮೊನ್ನೆ ಪರೀಕ್ಷೆಯ ಎರಡು ಪೇಪರುಗಳ ನಡುವೆ ಮಿಸ್ತ್ರಿ ಮೇಡಂ ಹತ್ತಿರ ಹೋಗಿ ಸೊಲ್ಲಾಪುರದ ಗುಳಿಗೆಯ ಸುದ್ದಿ ಹೇಳಿದೆ. ಅವರು ಅವ್ವನ ಫೈಲು ತೆಗೆದು ಫಾರ್ಮನ್ನು ನನ್ನ ಮುಂದಿಟ್ಟರು. ಮೂರು ತಿಂಗಳೊಳಗೆ ಬೇರೆ ಯಾವುದಾದರೂ ಅಂಗದ ಎಕ್ಸ್-ರೇಗೆ ಔಷಧ ಕೊಟ್ಟಿದ್ದಾರೆಯೇ, ಎಂದು ಎಂಟನೆಯ ಪ್ರಶ್ನೆ. ಬೇರೆ ಯಾವುದಾದರೂ ಅಂಗದ, ಎಂದೇ ಇದೆ. ಮುಂದೆ ನನ್ನ ಅಕ್ಷರದಲ್ಲಿ 'ಇಲ್ಲ'. ಪಿತ್ತಕೋಶದ ಫೋಟೊಕ್ಕೆ ಕೊಡುವ ಗುಳಿಗೆಯಲ್ಲಿ ಇರುವುದು ಅಯೋಡಿನ್ನೇ, ನಿಮ್ಮ ಎರಡು ವರ್ಷದ ಹನಿಗಿಂತ ಹೆಚ್ಚು. ಅದು ರಕ್ತಕ್ಕೆ ಸೇರಿ ತಿಂಗಳುಗಟ್ಟಲೆ ಕೊರಳನ್ನು ತುಂಬಿಡುತ್ತದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಪೆನ್ನು ಹಿಡಿದು ಕೂತಿದ್ದೆ. ಫೋಟೊ ತೆಗೆಸಿ ಎಂದು ಬರೆದವನೂ ನಾನೇ.

"ರೋಗಿಯನ್ನು ಕೇಳಿದೆಯಾ?" ಎಂದರು. ಇಲ್ಲ ಎಂದೆ. "ಕಿವುಡಿಯಾ? ಮೂಗಿಯಾ?" ಎಂದರು. "ಅಲ್ಲ, ನನ್ನ ತಾಯಿ" ಎಂದೆ. ಆಗ ಅವರಿಗೆ ಬಂದ ಸಿಟ್ಟನ್ನು ಬರೆಯಲು ನನಗೆ ಬರುವುದಿಲ್ಲ. ಫಾರ್ಮನ್ನು ಕಿತ್ತುಕೊಂಡು, "ನಾನು ನಾಲ್ಕು ವರ್ಷದಿಂದ ಗಡ್ಡೆಯ ಬಾಯಿ ಬಿಡಿಸುವ ಔಷಧ ಹುಡುಕುತ್ತಿದ್ದೇನೆ, ನೀನು ಬಾಯಿದ್ದವಳ ಬಾಯಿ ಮುಚ್ಚಿಸಿ ಬಂದೆ" ಎಂದರು. ರೋಗಿಗಳ ಔಷಧ ಅಳೆಯುವ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ. ಈಗ ಇಲಿಗಳ ಪಂಜರ ತೊಳೆಯುತ್ತೇನೆ, ಅವುಗಳ ಮೈಯಲ್ಲಿ ಹೊಸ ಔಷಧ ಎಲ್ಲಿ ಸೇರಿದೆ ಎಂದು ಎಣಿಸುತ್ತೇನೆ. ಎಣಿಸಿದ್ದನ್ನು ಇನ್ನೊಬ್ಬರು ಮತ್ತೆ ಎಣಿಸುತ್ತಾರೆ.

ರೇವಪ್ಪ ಡಾಕ್ಟರರಿಗೆ ಎರಡನೆಯ ಕಾಗದ ಬರೆದಿದ್ದೇನೆ, ಕನ್ನಡದಲ್ಲಿ. ನೀವು ಕದ್ದು ಏನೂ ಮಾಡಿಲ್ಲ, ಸುಳ್ಳು ಬರೆದವನು ನಾನು ಎಂದು.

ಮೇ 30ಕ್ಕೆ ದಿನ ಕೊಟ್ಟಿದ್ದಾರೆ. ನನ್ನ ಮೇಲಿನ ಸಿಟ್ಟಿಗೆ ಅವ್ವ ಗಂಟನ್ನು ಇಟ್ಟುಕೊಳ್ಳಬಾರದು. ನನ್ನನ್ನು ನೋಡಬೇಕಾಗಿಲ್ಲ. ಬೇಕಾದರೆ ನಾನು ಆ ವಾರ ಹಾಸ್ಟೆಲಿನಿಂದ ಹೊರಗೇ ಬರುವುದಿಲ್ಲ.

ಅಮೀನುದ್ದೀನ

*

ಮುದ್ದೇಬಿಹಾಳ
8 ಮೇ 1966

ಅಮೀನುದ್ದೀನ,

ಸಿಂದಗಿಯ ಮನೆ ಬಿಟ್ಟು ಮೂವರೂ ಇಲ್ಲಿಗೇ ಬಂದಿದ್ದೇವೆ. ಕಾಗದ ಸಿಂದಗಿಯಿಂದ ತಿರುಗಿ ಇಲ್ಲಿಗೆ ಬಂತು. ಓದಿದೆ.

ರೇವಪ್ಪ ಡಾಕ್ಟರು ನಿನ್ನ ಮೊದಲನೆಯ ಕಾಗದವನ್ನು ಜನರೆದುರು ಓದಿದರು, ಎರಡನೆಯದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರಂತೆ. ಆ ಊರಿನಲ್ಲಿ ಈಗಲೂ ನಾನು ಹೆಂಡತಿಗೆ ಕದ್ದು ಔಷಧ ಕುಡಿಸಿದವನೇ.

ನಿಮ್ಮವ್ವನನ್ನು ನಾನೇ ಕರೆದುಕೊಂಡು ಬರುತ್ತೇನೆ. ಬರುವುದಿಲ್ಲ ಎಂದು ಎರಡು ದಿನ ಹಟ ಮಾಡಿದಳು. "ಮಗನ ಮ್ಯಾಲಿನ ಸಿಟ್ಟಿಗೆ ನೀ ಸತ್ತರ ಅಂವಗೇನು, ಹಾಸ್ಟೆಲ್‌ದಾಂವ, ರೊಟ್ಟಿ ಮಾಡಕೊಂಡ ತಿನ್ನಾಂವ ನಾನು" ಎಂದೆ. ಸ್ವಲ್ಪ ನಕ್ಕಳು, ಒಪ್ಪಿದಳು. ಹಾಸ್ಟೆಲಿನಲ್ಲಿ ಅಡಗಿ ಕೂಡುವ ನಾಟಕ ಬೇಡ. ಬಾಗಿಲ ಹೊರಗೆ ನಿಂತಿರು. ಒಳಗೆ ಬರಬೇಡ.

ಮೋದಿನಸಾಬ

*

ಮುಂಬಯಿ
29 ಜೂನ್ 1966

ನಜಮಾ,

ಅಪ್ಪ ನಿನಗೆ ತಂತಿ ಕೊಟ್ಟದ್ದು ಮುಟ್ಟಿರಬೇಕು. ಅದರಲ್ಲಿ ಇಲ್ಲದ್ದನ್ನು ಬರೆಯುತ್ತೇನೆ.

ಈ ಸಲ ಫೋಟೊ ಬಂತು. ನಾನು ಹೊರಗೆ ನಿಂತಿದ್ದೆ. ಅಪ್ಪ ಆ ಕಾಗದವನ್ನು ತಂದು ನನ್ನ ಕಣ್ಣ ಮುಂದೆ ಹಿಡಿದರು. ಬಲಗಡೆ ದಟ್ಟ ಚುಕ್ಕಿ. ಎಡಗಡೆ ಕೆಳಗೆ ಹೆಬ್ಬೆಟ್ಟು ಒತ್ತಿದಷ್ಟು ಜಾಗ ಬಿಳಿ. ಹದಿನಾಲ್ಕರಂದು ಆಪರೇಷನ್ ಆಯಿತು, ಗ್ರಂಥಿ ಪೂರ್ತಿ ತೆಗೆದರು. ಗಂಟನ್ನು ಪರೀಕ್ಷೆ ಮಾಡಿದ ರಿಪೋರ್ಟು ನಿನ್ನೆ ಬಂತು. ಕ್ಯಾನ್ಸರ್. ಪಕ್ಕದ ಎರಡು ಸಣ್ಣ ಗಂಟುಗಳಿಗೂ ಹಬ್ಬಿತ್ತು, ಅವನ್ನೂ ತೆಗೆದಿದ್ದಾರೆ.

ಫೆಬ್ರವರಿಯಲ್ಲೇ ತೆಗೆದಿದ್ದರೆ ಹಬ್ಬಿರುತ್ತಿತ್ತೇ ಎಂದು ಸರ್ಜನ್ನರನ್ನು ಕೇಳಿದೆ. "ಗೊತ್ತಿಲ್ಲ" ಎಂದರು. ಹೌದು ಎಂದಿದ್ದರೆ ಅಷ್ಟಾದರೂ ನಿಶ್ಚಯವಾಗುತ್ತಿತ್ತು. ಪಕ್ಕದಲ್ಲಿದ್ದ ಅಪ್ಪ ನನ್ನ ಕಡೆ ನೋಡಲಿಲ್ಲ. ಜಗಳವಾಡಲಿಲ್ಲ ಕೂಡ. ವಾರ್ಡಿನ ಆಳು ನಬಿಲಾಲನ ಜೊತೆ ಗಂಟೆಗಟ್ಟಲೆ ಮಾತಾಡುತ್ತಾರೆ, ನಾನು ಹೋದರೆ ಎದ್ದು ಹೋಗುತ್ತಾರೆ.

ಇನ್ನೊಂದು ಕೆಲಸ ಉಳಿದಿದೆ. ಮೈಯಲ್ಲಿ ಎಲ್ಲಾದರೂ ಬೀಜ ಉಳಿದಿದ್ದರೆ ಸುಡಲು ಇದೇ ಅಯೋಡಿನನ್ನು ಆಗಸ್ಟಿನಲ್ಲಿ ದೊಡ್ಡ ಪ್ರಮಾಣದಲ್ಲಿ ಕುಡಿಸುತ್ತಾರೆ. ಫೋಟೊಕ್ಕೆ ಕುಡಿಸಿದ್ದರ ಸಾವಿರ ಪಟ್ಟು. ಐದಾರು ದಿನ ಅವ್ವ ಒಬ್ಬಳೇ ಕೋಣೆಯಲ್ಲಿರಬೇಕು, ಯಾರೂ ಹತ್ತಿರ ಹೋಗುವಂತಿಲ್ಲ. ಹೆಚ್ಚಾದರೆ ಅಪಾಯ, ಕಡಿಮೆಯಾದರೆ ಬೀಜ ಉಳಿಯುತ್ತದೆ. ಮೇಡಂ ನನ್ನನ್ನು ಕರೆದು, ಇಲಿಗಳ ಲೆಕ್ಕ ಎರಡು ತಿಂಗಳಿಂದ ತಪ್ಪಿಲ್ಲ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ, ಮನೆಯವರು ಒಪ್ಪಿದರೆ ನೀನೇ ಅಳೆಯಬಹುದು ಎಂದರು. ನನಗೆ ಕೈ ನಡುಗಿತು. ಬೇರೆ ಯಾರಾದರೂ ಅಳೆಯಲಿ ಎಂದೇ ಹೇಳಬೇಕೆಂದಿದ್ದೇನೆ. ಅವ್ವನನ್ನು ಕೇಳದೆ ಹೇಳುವುದಿಲ್ಲ. ಅವಳು ಅಪ್ಪನ ಜೊತೆ ನಾಳೆ ಮುದ್ದೇಬಿಹಾಳಕ್ಕೆ ಹೊರಡುತ್ತಾಳೆ. ಎದುರಿಗೆ ನಿಂತು ಕೇಳಲು ನನಗೆ ಬಾಯಿಲ್ಲ, ನೀನು ಕೇಳಿ ಬರೆ.

ಅಮೀನುದ್ದೀನ

*

ಮುದ್ದೇಬಿಹಾಳ
17 ಜುಲೈ 1966

ಅಮೀನುದ್ದೀನ,

ನಜಮಾ ಕೇಳಿದಳು. ಅವಳ ಬದಲು ನಾನೇ ಬರೆಯುತ್ತಿದ್ದೇನೆ.

ನಿಮ್ಮವ್ವನ ಮಾತು ಮೊದಲು: "ಅಂವಾನ ಅಳಿಲಿ. ಕುಡಿಯೂ ಮದಲ ನಾ ಕೇಳ್ತೇನಿ, ಇದು ಏನು, ಎಷ್ಟ್ ಐತಿ, ಯಾಕ ಅಂತ. ನರ್ಸಬಾಯಿ ಮುಂದ, ಎಲ್ಲಾರ ಮುಂದ. ನನಗ ತಿಳಿಯೂತನಕ ಹೇಳಬೇಕು. ತಿಳಿಲಿಲ್ಲಂದ್ರ ಗ್ಲಾಸ್ ಹಂಗ ಇಟ್ಟ ಬರ್ತೇನಿ."

ಇನ್ನು ನನ್ನದು. ನೀನು ಬೇರೆಯವರ ಕೈಗೆ ಕೊಡಬೇಕೆಂದಿದ್ದೀಯಂತೆ. ಅವರು ಸರಿಯಾಗಿ ಅಳೆದರೆ ನೀನು ಬಚಾವು, ತಪ್ಪು ಅಳೆದರೂ ನೀನು ಬಚಾವು. ಆ ಸವಲತ್ತು ನಿನಗೆ ಇಲ್ಲ. ನಿನ್ನ ಕೈ ನಡುಗುತ್ತದೆಯಾದರೆ ನಡುಗಲಿ. ನಾನು ದವಾಖಾನೆಗೆ ಸೇರಿದ ಮೊದಲ ವರ್ಷ ಕೂಸುಗಳ ಔಷಧ ಅಳೆಯುವಾಗ ನನ್ನದೂ ನಡುಗುತ್ತಿತ್ತು. ನಡುಗುವ ಕೈ ಎರಡು ಸಲ ನೋಡುತ್ತದೆ.

ನಾನು ಬರುವುದಿಲ್ಲ. ಮಶಾಕಸಾಬ ಕರೆದುಕೊಂಡು ಬರುತ್ತಾನೆ. ಬಂದರೆ ಅಷ್ಟು ಜನರೆದುರು ನಿನ್ನನ್ನು ಏನಾದರೂ ಅಂದುಬಿಟ್ಟೇನು, ಆಮೇಲೆ ನಿನ್ನ ಕೈ ಅಳತೆ ತಪ್ಪೀತು. ಸಿಟ್ಟು ಹೋಗಿಲ್ಲ. ಅವಳು ಕುಡಿದು ಮುಗಿಸಿದ ಮೇಲೆ ಎಷ್ಟು ಅಳೆದೆ ಎಂದು ನನಗೆ ತಂತಿ ಕೊಡು. ಸಲಾಂ ಗಿಲಾಂ ಬೇಡ, ಬರೀ ಅಂಕಿ.

ನಿನ್ನ ಅಪ್ಪ
ಮೋದಿನಸಾಬ